ಒಂದೇ ಉಸಿರಿನಲ್ಲಿ ಮೂರೂ ಬೇಕು

ನಾಟಕದ ಆಯ್ಕೆಗೆ ಬಂದ ಹುಡುಗರನ್ನು ಮಾತಾಡಿಸಿ ನೋಡಿ. “ಪಾರ್ಟು ಮಾಡ್ತೀನಿ ಸಾರ್, ಹಾಡೋಕೆ ಬರಲ್ಲ” ಅನ್ನುತ್ತಾನೆ ಒಬ್ಬ. “ಹಾಡ್ತೀನಿ, ಕುಣಿಯೋಕೆ ಮಾತ್ರ ಹೇಳ್ಬೇಡಿ” ಅನ್ನುತ್ತಾಳೆ ಇನ್ನೊಬ್ಬಳು. ಇಪ್ಪತ್ತು ತುಂಬುವ ಮೊದಲೇ ತಮ್ಮ ಮೈಯನ್ನು ಮೂರು ಪಾಲು ಮಾಡಿ ಎರಡನ್ನು ಬಿಟ್ಟುಕೊಟ್ಟ ಮಕ್ಕಳಿವರು. ಈ ಪಾಲುಪಟ್ಟಿ ಬರೆದುಕೊಟ್ಟವರು ಯಾರು?

ಮಹಾರಾಷ್ಟ್ರದ ನಾಶಿಕ ಜಿಲ್ಲೆಯ ಸಟಾಣಾ ಸೀಮೆಯಲ್ಲಿ ಇಂಥ ಹಂಚಿಕೆ ನಡೆಯಲಿಕ್ಕಿಲ್ಲ. ಅಲ್ಲಿನ ಮುಲ್ಹೇರಿನಲ್ಲಿ ಶರದ್ ಪೂರ್ಣಿಮೆಯ ರಾತ್ರಿ ರಾಸಕ್ರೀಡೆ. ಹುಡುಗರೇ ಗೋಪಿಯರ ವೇಷ ಕಟ್ಟುತ್ತಾರೆ, ಬೆಳಗಿನವರೆಗೂ ಪದಗಳು ನಡೆಯುತ್ತವೆ. ಆ ನಾಡಿನ ತಮಾಶಾ ಮೇಳದಲ್ಲಿ ಲಾವಣಿಗೆ ಗೆಜ್ಜೆ ಕಟ್ಟಿದವಳೇ ಆಮೇಲೆ ವಗನಾಟ್ಯ ಎಂಬ ಕಥಾಭಾಗದಲ್ಲಿ ಪಾತ್ರಧಾರಿಣಿ. ತಮಾಶಾದ ವಿಠಾಬಾಯಿ ನಾರಾಯಣಗಾವಕರ್ ಅವರನ್ನು ಗಾಯಕಿ ಎನ್ನಬೇಕೋ ನರ್ತಕಿ ಎನ್ನಬೇಕೋ ನಟಿ ಎನ್ನಬೇಕೋ ಎಂದು ಯಾವ ಪ್ರೇಕ್ಷಕನೂ ತಲೆ ಕೆಡಿಸಿಕೊಳ್ಳಲಿಲ್ಲ.

ಮರಾಠಿ ಸಂಗೀತ ನಾಟಕದ ಬೇರು ಹುಡುಕಿದರೆ ಅದು ನಮ್ಮ ಹೊನ್ನಾವರದ ಕಡೆಗೇ ಬರುತ್ತದೆ. ಕರ್ಕಿಯ ಭಾಗವತ ಮೇಳ ಸಾಂಗಲಿಯ ಆಸ್ಥಾನದಲ್ಲಿ ಆಡಿದ ಆಟ ನೋಡಿದ ಮೇಲೆಯೇ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಕಟ್ಟಿದ್ದು. ಅಲ್ಲಿ ಹಾಡು ಸೂತ್ರಧಾರನದು, ಮಾತು ಪಾತ್ರದ್ದು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದಾಗ ದುಷ್ಯಂತ ತನ್ನ ಹಾಡನ್ನು ತಾನೇ ಹಾಡಿದ. ಪಾತ್ರದ ಬಾಯಿಗೆ ಪಾತ್ರದ ರಾಗ ಬಂತು. ಇವತ್ತಿಗೆ ಅದು ಸಣ್ಣ ವಿಷಯವಾಗಿ ಕಂಡೀತು. ಅಂದು ಇಡೀ ರಂಗಭೂಮಿಯೇ ಮಗ್ಗಲು ಬದಲಿಸಿತು.

ಆದರೆ ಗೆದ್ದ ಹಾಡು ಅಲ್ಲಿಗೆ ನಿಲ್ಲಲಿಲ್ಲ. ಒಂದೊಂದು ಪದಕ್ಕೂ ‘ಒನ್ಸ್ ಮೋರ್’ ಬಿದ್ದು ನಾಟಕ ಬೆಳಗಿನ ಜಾವ ಮುಟ್ಟಿತು. ಮಾಧುರ್ಯ ಹೆಚ್ಚಿದಷ್ಟೂ ಕಾಲು ನಿಂತಲ್ಲೇ ನಿಂತಿತು. ಆ ರಂಗದ ಗಾಯಕ ನಟ ಬಾಲಗಂಧರ್ವರ ಕಂಠಕ್ಕೆ ನಾನೂ ಶರಣು. ಆದರೂ ಕಥೆ ಮುಂದಕ್ಕೆ ಹೋಗದೆ ರಾಗ ಮಾತ್ರ ಹೋಗುತ್ತಿದ್ದರೆ ಅದನ್ನು ಕಚೇರಿ ಎನ್ನಬೇಕು, ನಾಟಕ ಎನ್ನಬಾರದು. ನಮ್ಮ ಯಕ್ಷಗಾನದ್ದು ಇನ್ನೊಂದು ಬಗೆ. ಗಿರಗಿರನೆ ಸುತ್ತಿ ಧೀಂಗಿಣ ಹೊಡೆದ ವೇಷಧಾರಿ ಏದುಸಿರು ತೋರಗೊಡದೆ ಅರ್ಥ ಹೇಳಲು ನಿಲ್ಲುತ್ತಾನೆ. ಕುಣಿತವೂ ಮಾತೂ ಅವನವು, ಹಾಡು ಮಾತ್ರ ಭಾಗವತರದ್ದು.

ಮೂರನ್ನೂ ಒಬ್ಬರೇ ಹೊತ್ತವರು ನಮ್ಮಲ್ಲಿ ಇಲ್ಲವೇ? ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತದ ಆಟ ನೋಡಿ. ಪಾತ್ರಧಾರಿ ತಾನೇ ಹಾಡುತ್ತಾನೆ, ಮೇಳದವರು ಎತ್ತಿಕೊಳ್ಳುತ್ತಾರೆ, ಅಷ್ಟರಲ್ಲಿ ಹೆಜ್ಜೆ ಹಾಕಿ ತಿರುಗಿ ಬಂದು ಚುರುಕು ಮಾತಿಗೆ ಇಳಿಯುತ್ತಾನೆ. ಕೌಜಲಗಿ ನಿಂಗಮ್ಮ ಮನೆಮಾತಾದದ್ದು ಇದರಿಂದ. ನೂರು ದಾಟಿ ಬದುಕಿ 2017ರಲ್ಲಿ ತೀರಿಕೊಂಡ ರಂಗನಟ ಏಣಗಿ ಬಾಳಪ್ಪನವರ ಬಸವಣ್ಣ ವಚನವನ್ನು ಆಡುತ್ತಿದ್ದನೋ ಹಾಡುತ್ತಿದ್ದನೋ, ಗೆರೆ ಎಳೆಯುವುದು ಕಷ್ಟ. ಗುಬ್ಬಿ ಕಂಪನಿಯಲ್ಲಿ ಬೆಳೆದು, ಕಾಶಿಯಲ್ಲಿ ಸಂಗೀತ ಕಲಿತು ಬಂದ ಬಿ.ವಿ. ಕಾರಂತರು ದಾಸರ ಪದಗಳನ್ನು ‘ಸತ್ತವರ ನೆರಳು’ ನಾಟಕದ ಮೈಯೊಳಗೇ ಇಳಿಸಿದರು. ಅತ್ತ 1972ರಲ್ಲಿ ಪುಣೆಯ ಹವ್ಯಾಸಿ ಹುಡುಗರು ಮರಾಠಿ ನಾಟಕ ‘ಘಾಶೀರಾಮ್ ಕೋತ್ವಾಲ್’ ಆಡಿದರು. ಹಾಡುತ್ತ ತೂಗುತ್ತ ನಿಂತ ಬ್ರಾಹ್ಮಣರ ಸಾಲೇ ಅಲ್ಲಿ ಗೋಡೆ, ಅದೇ ಪರದೆ.

ಹಾಗಾದರೆ ಕಲಿಯುವುದು ಹೇಗೆ? ಸೋಮವಾರ ಸಂಗೀತ, ಮಂಗಳವಾರ ನೃತ್ಯ, ಬುಧವಾರ ಅಭಿನಯ ಎಂದು ಬೇರೆ ಬೇರೆ ತರಗತಿಗೆ ಹೋದರೆ ಮೂರು ವಿದ್ಯೆ ಬರುತ್ತದೆ, ರಂಗದ ಮೇಲೆ ಮೂರೂ ಜಗಳಾಡುತ್ತವೆ. ಬೆಸುಗೆಯ ಜಾಗದಲ್ಲೇ ಅಭ್ಯಾಸ ಮಾಡಬೇಕು. ಮಾತಿನಿಂದ ಹಾಡಿಗೆ ದಾಟುವ ಆ ಒಂದು ಸಾಲು ಹಿಡಿಯಿರಿ. ಹಾರ್ಮೋನಿಯಂ ಕಪ್ಪು ಎರಡರಲ್ಲಿ ನಿಂತಿದ್ದರೆ, ಹಾಡು ಬರುವ ಮೊದಲೇ ನಿಮ್ಮ ಕೊನೆಯ ಮಾತು ಆ ಶ್ರುತಿಯ ಹತ್ತಿರ ಬಂದಿರಲಿ. ಆಗ ಹಾಡು ಅಂಟಿಸಿದಂತೆ ಕೇಳುವುದಿಲ್ಲ. ಕಾಲಿನಲ್ಲಿ ಝಂಪೆ ಇಟ್ಟುಕೊಂಡು ಗದ್ಯ ಹೇಳಿ. ತಾಳಕ್ಕೆ ಮಾತು ಕುಣಿಯಬಾರದು, ಮಾತಿಗಾಗಿ ತಾಳ ತಪ್ಪಲೂಬಾರದು. ಎರಡು ಸುತ್ತು ಓಡಿ ಬಂದು ಒಂದು ಚರಣ ಹಾಡಿ, ಉಸಿರು ಎಲ್ಲಿ ಕದ್ದಿರೆಂದು ಗೆಳೆಯನನ್ನು ಕೇಳಿ. ಹೆಗಲು ಎತ್ತಿ ಎಳೆದ ಉಸಿರು ಸಾಲುವುದಿಲ್ಲ. ಪಕ್ಕೆ ಅಗಲಬೇಕು, ಹೊಟ್ಟೆ ಸಡಿಲವಾಗಬೇಕು. ಕಷ್ಟದ ಕೆಲಸ, ಸುಳ್ಳು ಹೇಳುವುದಿಲ್ಲ. ಮೊದಮೊದಲು ಹಾಡುವವನ ಸ್ವರ ಹಳಸುತ್ತದೆ, ಕುಣಿಯುವವಳ ಹೆಜ್ಜೆ ಮುಗ್ಗರಿಸುತ್ತದೆ. ಹೆದರಿ ಹಳೆಯ ಪಾಲಿಗೆ ಓಡಿಹೋಗುವವರು ಹೆಚ್ಚು, ನೀವು ಓಡಬೇಡಿ.

ಹೋಗಲು ಜಾಗಗಳಿವೆ. ಹೆಗ್ಗೋಡಿನಲ್ಲಿ 1980ರಿಂದ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ, ಸಾಣೇಹಳ್ಳಿಯಲ್ಲಿ ರಂಗಶಾಲೆಯಿದೆ, ಉಡುಪಿಯಲ್ಲಿ 1971ರ ಯಕ್ಷಗಾನ ಕೇಂದ್ರವಿದೆ. ಮಹಾರಾಷ್ಟ್ರದಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಪುಣೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರ ಹತ್ತಿರ. ಅಲ್ಲಿ ಸಂಗೀತ, ನೃತ್ಯ, ನಾಟಕ ಒಂದೇ ಸೂರಿನಡಿ. ನಾಟಕದ ವಿದ್ಯಾರ್ಥಿಯಾದರೂ ನಾಚಿಕೆ ಬಿಟ್ಟು ಪಕ್ಕದ ಕೋಣೆಯ ಬಾಗಿಲು ತಟ್ಟಿ.

ಪ್ರವೇಶದ ಸುದ್ದಿ ಬರುವವರೆಗೆ ಕಾಯುವುದೂ ಬೇಡ. ತಂಬೂರಿ ಮೊಬೈಲಿನಲ್ಲೇ ಸಿಗುತ್ತದೆ, ಮನೆಯ ಮಹಡಿ ಖಾಲಿಯಿದೆ, ಊರಿನ ಜಾತ್ರೆಗೆ ಆಟ ಬಂದರೆ ಚೌಕಿಯಲ್ಲಿ ಒಬ್ಬ ಹಿರಿಯ ಕಲಾವಿದರು ಕೂತೇ ಇರುತ್ತಾರೆ. “ಒಂದು ಹೆಜ್ಜೆ ತೋರಿಸಿಕೊಡಿ” ಎಂದು ಕೇಳಿ. ಬೈದರೂ ತೋರಿಸಿಯೇ ಕಳಿಸುತ್ತಾರೆ.