ನಿದ್ದೆಯಲ್ಲಿ ಉಸಿರು ಕಾಯ್ದ ವೈದ್ಯರು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ವೇದಿಕೆಯಿಂದ ನಿದ್ದೆಯ ವಿಷಯವಾಗಿ ನಾಲ್ಕು ಮಾತನಾಡಲು ನಿಂತಿದ್ದೇವೆ. ಭಾಷಣ ಕೇಳುತ್ತ ನಿದ್ದೆ ಬರುವುದು ಹೊಸದಲ್ಲ. ನಿದ್ದೆಯ ಮೇಲೆಯೇ ಭಾಷಣವೆಂದರೆ ತಮಗೆ ನಗು ಬಂದೀತು. ನಮ್ಮ ಜನ ನಿದ್ದೆಯನ್ನು, ಅದರಲ್ಲಿಯೂ ಗೊರಕೆಯನ್ನು, ವಿನೋದದ ವಸ್ತುವಾಗಿಯೇ ಕಂಡವರು. ಗೊರಕೆ ಹೊಡೆಯುವವನಿಗೆ ಕುಂಭಕರ್ಣನ ಹೆಸರಿಟ್ಟು ಮುಗಿಸುತ್ತೇವೆ. ‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬುದು ನಮ್ಮ ಗಾದೆ. ಸಂತೆಯಲ್ಲಿ ನಿದ್ದೆ ಹೋದವನಿಗೆ ಚಿಂತೆಯಿಲ್ಲವೆಂದು ನಾವು ತಿಳಿದೆವು. ರಾತ್ರಿ ಅವನಿಗೆ ಸರಿಯಾಗಿ ಉಸಿರೇ ಆಡಿರಲಾರದೆಂದು ತೋರಿಸಿಕೊಟ್ಟವರು ವೈದ್ಯರು. ಅವರಲ್ಲಿ ಒಬ್ಬರಾದ ಆಸ್ಟ್ರೇಲಿಯದ ಡಾ. ಕಾಲಿನ್ ಸಲಿವನ್ ಅವರ ಕಾರ್ಯವನ್ನು ತಮ್ಮ ಮುಂದಿಡಬೇಕೆಂದಿದ್ದೇವೆ.

ನಾವು ವೈದ್ಯರಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಜಮಾಖರ್ಚು ಬರೆಯುವವರು. ಔಷಧ ಹೇಳುವ ಅಧಿಕಾರ ನಮಗಿಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದಾಗ ಎಲ್ಲಿ ಯಾವ ನಮೂದು ಬಿಟ್ಟುಹೋಗಿದೆಯೆಂದು ಹುಡುಕುವುದು ನಮ್ಮ ಕಸಬು. ರಾತ್ರಿ ಎಂಟು ತಾಸು ಮಲಗಿದವನು ಬೆಳಿಗ್ಗೆ ದಣಿದೇ ಏಳುತ್ತಾನೆಂದರೆ ಅದೂ ತಾಳೆಯಾಗದ ಲೆಕ್ಕವೇ ಸರಿ.

ಬಹುಕಾಲ ಶ್ವಾಸಕೋಶದ ವೈದ್ಯರ ಕೆಲಸ ಹಗಲಿನದಾಗಿತ್ತು. ಕ್ಷಯ, ಉಬ್ಬಸ, ಕೆಮ್ಮು, ಕಫ ಇವೇ ಅವರ ಪ್ರಪಂಚ. ರೋಗಿ ಎಚ್ಚರವಾಗಿ ಎದುರಿಗೆ ಕುಳಿತಿರುವಾಗ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಿದ್ದರು. ಅದೇ ಉಸಿರು ರಾತ್ರಿ ಏನಾಗುತ್ತದೆಂಬುದನ್ನು ಕೇಳಿದವರು ಮನೆಯವರು ಮಾತ್ರ. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ 1836-37ರಲ್ಲಿ ಬರೆದ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಹೊತ್ತುಗೊತ್ತಿಲ್ಲದೆ ನಿದ್ದೆ ಹೋಗುವ ಸ್ಥೂಲಕಾಯದ ಹುಡುಗನೊಬ್ಬನಿದ್ದಾನೆ. ಓದುಗರು ಅವನನ್ನು ಕಂಡು ನಕ್ಕರು. 1956ರಲ್ಲಿ ಅಮೆರಿಕದ ವೈದ್ಯರು ಅಂಥದೇ ರೋಗಿಯೊಬ್ಬನನ್ನು ವರ್ಣಿಸುವಾಗ ಆ ಕಾದಂಬರಿಯ ಹೆಸರನ್ನೇ ಬೇನೆಗೆ ಇಟ್ಟರು. 1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ವೈದ್ಯರು, ಇಂಥವರ ಉಸಿರು ನಿದ್ದೆಯಲ್ಲಿ ಮತ್ತೆ ಮತ್ತೆ ನಿಲ್ಲುವುದನ್ನು ಯಂತ್ರಗಳಿಂದ ದಾಖಲೆ ಮಾಡಿದರು. ಇಂದು ಇದಕ್ಕೆ ಸ್ಲೀಪ್ ಆಪ್ನಿಯ ಎಂದು ಹೆಸರು.

ಇದರ ಬಗೆ ಹೀಗೆ. ಎಚ್ಚರದಲ್ಲಿ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಡುತ್ತವೆ. ನಿದ್ದೆ ಬಂದೊಡನೆ ಸಡಿಲಗೊಳ್ಳುತ್ತವೆ. ಇಕ್ಕಟ್ಟಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಮೆತ್ತನೆಯ ಅಂಗುಳು ಅದುರುತ್ತದೆ, ಅದೇ ಗೊರಕೆ. ಕೆಲವರಲ್ಲಿ ನಾಲಗೆಯ ಬುಡ ಹಿಂದಕ್ಕೆ ಸರಿದು ದಾರಿ ಪೂರ್ತಿ ಮುಚ್ಚಿಬಿಡುತ್ತದೆ. ಎದೆ ಹೊಟ್ಟೆಗಳು ಏರಿಳಿಯುತ್ತಲೇ ಇರುತ್ತವೆ. ಗಾಳಿ ಮಾತ್ರ ಒಳಹೋಗದು. 10 ಸೆಕೆಂಡು, 20 ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಮಲಗಿದವನನ್ನು ಅರೆಬರೆ ಎಚ್ಚರಿಸುತ್ತದೆ. ಅವನು ಗಟ್ಟಿಯಾಗಿ ಒಮ್ಮೆ ಉಸಿರೆಳೆದು ಮತ್ತೆ ನಿದ್ದೆಗೆ ಜಾರುತ್ತಾನೆ. ಒಂದು ರಾತ್ರಿಯಲ್ಲಿ ಇದು ನೂರಾರು ಸಲ ನಡೆಯಬಹುದು. ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ. ಲೆಕ್ಕದಲ್ಲಿ ಬಿಟ್ಟುಹೋದ ನಮೂದು ಇದೇ.

ಬೇನೆ ಗೊತ್ತಾಯಿತು, ಚಿಕಿತ್ಸೆ? ತೀವ್ರವಾದ ಬೇನೆಗೆ ಖಚಿತವಾದ ಉಪಾಯವೆಂದರೆ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಕೊರೆಯುವುದೇ ಆಗಿತ್ತು. ಹಗಲು ಅದಕ್ಕೆ ಮುಚ್ಚಳ, ರಾತ್ರಿ ಅದರಿಂದಲೇ ಉಸಿರು. ಜೀವ ಉಳಿಯುತ್ತಿತ್ತು, ನಿಜ. ಆದರೆ ಬಾಳೆಲ್ಲ ಕತ್ತಿನಲ್ಲಿ ತೂತಿಟ್ಟುಕೊಂಡು ಬದುಕಲು ಯಾರ ಮನಸ್ಸು ಒಪ್ಪೀತು?

ಸಿಡ್ನಿಯ ಸಲಿವನ್ ಅವರು ಕೆನಡಾದ ಟೊರಾಂಟೊ ನಗರದಲ್ಲಿ ಡಾ. ಎಲಿಯಟ್ ಫಿಲಿಪ್ಸನ್ ಅವರೊಡನೆ, ಮಲಗಿದ ನಾಯಿಗಳ ಉಸಿರಾಟವನ್ನು ಅಭ್ಯಾಸ ಮಾಡಿದವರು. ಬಳಿಕ ಸಿಡ್ನಿಗೆ ಮರಳಿ, ರಾಯಲ್ ಪ್ರಿನ್ಸ್ ಆಲ್ಫ್ರೆಡ್ ಆಸ್ಪತ್ರೆಯಲ್ಲಿ ಅದೇ ಪ್ರಶ್ನೆಯನ್ನು ಮನುಷ್ಯರಲ್ಲಿ ಬೆನ್ನಟ್ಟಿದರು. 1980ರ ಜೂನ್ ತಿಂಗಳಲ್ಲಿ, ಕತ್ತಿನ ಶಸ್ತ್ರಕ್ರಿಯೆ ಬೇಡವೆಂದ ರೋಗಿಯೊಬ್ಬನು ಒಂದು ರಾತ್ರಿಯ ಪ್ರಯೋಗಕ್ಕೆ ಒಪ್ಪಿದನು. ಮೂಗಿನ ಮೂಲಕ ಮೆಲ್ಲನೆ ಗಾಳಿಯನ್ನೊತ್ತಿದರು. ಒತ್ತಡ ಏರಿಸಿದಾಗ ಗಂಟಲು ತೆರೆಯಿತು. ಇಳಿಸಿದಾಗ ಮತ್ತೆ ಮುಚ್ಚಿತು. ಪುನಃ ಏರಿಸಿದರು, ರೋಗಿ ಗಾಢನಿದ್ರೆಗೆ ಇಳಿದನು. ಚಪ್ಪರ ಕುಸಿಯದಂತೆ ಕಂಬ ಕೊಡುತ್ತೇವಲ್ಲವೆ? ಇಲ್ಲಿ ಕಂಬ ಗಾಳಿಯದು.

ಐವರು ರೋಗಿಗಳ ವಿವರ 1981ರ ಏಪ್ರಿಲ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೇಕಾದ ಒತ್ತಡ 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು. ಎಂದರೆ ನಾವು ನೀರು ಕುಡಿಯುವ ಲೋಟದ ತಳದ ಮೇಲೆ ತುಂಬಿದ ನೀರು ಹಾಕುವಷ್ಟು ಒತ್ತಡ. ಶಸ್ತ್ರ ಮಾಡುತ್ತಿದ್ದ ಕೆಲಸವನ್ನು ಇಷ್ಟು ಅಲ್ಪವಾದ ಗಾಳಿ ಮಾಡಿತು! ಮೊದಲಿನ ಸಲಕರಣೆಗಳು ಒರಟಾಗಿದ್ದವು. ಕಸ ಹೀರುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಗಾಳಿಯೂದಲು ಬಳಸಿದರು. ಮೂಗಿನ ಅಚ್ಚು ತೆಗೆದು ಮಾಡಿದ ಮುಖವಾಡವನ್ನು ಪ್ರತಿರಾತ್ರಿ ಅಂಟುಹಾಕಿ ಕೂರಿಸಬೇಕಾಗಿತ್ತು. ಆದರೂ ರೋಗಿಗಳು ಅದನ್ನು ಮನೆಗೆ ಒಯ್ದರು. 1989ರಲ್ಲಿ ಇದರ ತಯಾರಿಕೆಗೆ ಆಸ್ಟ್ರೇಲಿಯದಲ್ಲಿ ಕಂಪನಿಯೊಂದು ಹುಟ್ಟಿತು. ಇಂದು ಸಿಪ್ಯಾಪ್ ಎಂಬ ಈ ಯಂತ್ರ ದಿಂಬಿನ ಬದಿಯಲ್ಲಿಡುವಷ್ಟು ಚಿಕ್ಕದಾಗಿ ಲೋಕದ ಲಕ್ಷಾಂತರ ಮಂದಿಯ ರಾತ್ರಿಯನ್ನು ಕಾಯುತ್ತಿದೆ.

ಈ ಕಥೆ ನಮಗೇಕೆ ಬೇಕು? ಮುಂಬಯಿಯಂಥ ಊರಿಗೆ ಹೊಟ್ಟೆಪಾಡಿಗೆ ಬಂದವರು ನಾವು. ಒಂದೇ ಖೋಲಿಯಲ್ಲಿ ಐದಾರು ಜನ ಮಲಗಿದ ಮನೆಗಳು ನಮ್ಮವು. ಗೊರಕೆ ಹೊಡೆಯುವ ಮಾವನಿಗೋ ಅಣ್ಣನಿಗೋ ಚಾಪೆ ಕೊಟ್ಟು ಗ್ಯಾಲರಿಗೆ ಕಳಿಸುತ್ತೇವೆ. ನಮ್ಮ ನಿದ್ದೆ ಉಳಿಯುತ್ತದೆ. ಆದರೆ ಗೊರಕೆಯ ನಡುವೆ ಬರುವ ಆ ಮೌನವನ್ನು ಕೇಳುವವರು ಯಾರೂ ಇಲ್ಲದಂತಾಗುತ್ತದೆ. ಅಪಾಯವಿರುವುದು ಸದ್ದಿನಲ್ಲಲ್ಲ, ಸದ್ದು ನಿಂತುಹೋಗುವಲ್ಲಿ. ಮಲಗಿದವನು ತನ್ನ ಬೇನೆಗೆ ತಾನೇ ಸಾಕ್ಷಿಯಾಗಲಾರ. ಬದಿಯಲ್ಲಿರುವ ಹೆಂಡತಿ, ತಾಯಿ, ಮಕ್ಕಳೇ ಸಾಕ್ಷಿ. ಬೇನೆ ಹೆಂಗಸರಿಗೂ ಉಂಟು. ಸಂಕೋಚದಿಂದ ಅವರು ಬಾಯಿಬಿಡುವುದಿಲ್ಲ.

ಎಲ್ಲ ಗೊರಕೆಯೂ ಬೇನೆಯಲ್ಲ. ಆದರೆ ಜೋರು ಗೊರಕೆ, ನಡುವೆ ಉಸಿರು ನಿಲ್ಲುವುದು, ಬೆಳಗಿನ ತಲೆನೋವು, ಹಗಲು ತೂಕಡಿಕೆ, ಇಳಿಯದ ರಕ್ತದೊತ್ತಡ ಇವು ಜೊತೆಗೂಡಿದರೆ ವೈದ್ಯರಿಗೆ ತೋರಿಸಬೇಕು. ಅವರು ಮಲಗಿಸಿ ಪರೀಕ್ಷೆ ಮಾಡಿ, ಉಸಿರು ನಿಲ್ಲುವುದನ್ನೂ ಕುಗ್ಗುವುದನ್ನೂ ಎಣಿಸುತ್ತಾರೆ. ವಯಸ್ಕರಲ್ಲಿ ತಾಸಿಗೆ 5ಕ್ಕಿಂತ ಕಡಿಮೆಯಾದರೆ ಸಾಮಾನ್ಯ. 30 ಮುಟ್ಟಿದರೆ ತೀವ್ರ. ಮೈತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ರಾತ್ರಿ ಮದ್ಯ ಬಿಡುವುದು ಹಲವರಿಗೆ ಸಹಾಯಕ. ಮಕ್ಕಳಲ್ಲಿ ಎಷ್ಟೋ ವೇಳೆ ಕಾರಣ ಊದಿದ ಟಾನ್ಸಿಲ್. ಯಂತ್ರ ಅಗ್ಗದ್ದಲ್ಲ, ಹಾಕಿಕೊಂಡ ರಾತ್ರಿ ಮಾತ್ರ ಫಲ ಕೊಡುತ್ತದೆ. ಇದನ್ನೂ ಮುಚ್ಚಿಡದೆ ಹೇಳಬೇಕು.

ಲೋಕಲ್ ಗಾಡಿಯಲ್ಲಿ ತೂಕಡಿಸಿದ ಗುಮಾಸ್ತನು ಒಂದು ಸ್ಟೇಷನ್ ದಾಟಿ ಹೋಗಬಹುದು, ಅಷ್ಟೇ. ಊರಿಗೆ ಹೋಗುವ ರಾತ್ರಿ ಬಸ್ಸಿನ ಚಾಲಕ ತೂಕಡಿಸಿದರೆ? ಅವನ ಬೆನ್ನ ಹಿಂದೆ ನಲವತ್ತು ಸಂಸಾರಗಳು ಕಣ್ಣು ಮುಚ್ಚಿ ಕುಳಿತಿರುತ್ತವೆ. ಅಂಥವನನ್ನು ಸೋಮಾರಿಯೆಂದು ಬೈದರೆ ಬೇನೆ ವಾಸಿಯಾಗದು.

ರೋಗಿ ಮಲಗಲೆಂದು ತಾವು ಎಚ್ಚರವಿದ್ದ ವೈದ್ಯರಿಂದ ಈ ಉಪಕಾರ ಲೋಕಕ್ಕೆ ದೊರೆಯಿತು. ಅಷ್ಟು ಎಚ್ಚರ ನಮ್ಮಿಂದ ಸಾಧ್ಯವಿಲ್ಲ. ಆದರೆ ನಮ್ಮ ಮನೆಯ ಗೊರಕೆಯನ್ನು ನಗದೆ ಹತ್ತು ನಿಮಿಷ ಕಿವಿಗೊಟ್ಟು ಕೇಳುವುದು ಎಲ್ಲರಿಂದಲೂ ಆದೀತು. ಈ ರಾತ್ರಿ ತಾವು ಅಷ್ಟು ಮಾಡಿದರೆ ನಮ್ಮ ಮಾತು ಸಾರ್ಥಕ.