ಊರು ಸುತ್ತಲು ಒಂದೇ ಲೆನ್ಸು

ಮೂಕಂಡಪಲ್ಲಿಯ ಸಿಪ್ಕಾಟ್ ಕಾರ್ಖಾನೆಗಳಲ್ಲಿ ವಾರವೆಲ್ಲ ಪಾಳಿ ಮಾಡಿ, ರಜೆಯ ದಿನ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಹೊರಡುವ ಹುಡುಗರು ನಮ್ಮ ಕಡೆ ಇದ್ದಾರೆ. ಒಂದು ವಾರ ಕೆಲವರಪಲ್ಲಿ ಅಣೆಕಟ್ಟು, ಇನ್ನೊಂದು ವಾರ ರಾಯಕೋಟೆಯ ದುರ್ಗ, ಮತ್ತೊಮ್ಮೆ ದೇಂಕಣಿಕೋಟೆ, ಅಂಚೆಟ್ಟಿಯ ದಾರಿಯಾಗಿ ಹೊಗೆನಕಲ್ಲು. ಕ್ಯಾಮೆರಾದ ಜೊತೆ ಬಂದ ಲೆನ್ಸು ಸಾಲದು ಅನ್ನಿಸಿದಾಗ ಇವರಿಗೆಲ್ಲ ಒಂದೇ ಪ್ರಶ್ನೆ: ತಿರುಗಾಟಕ್ಕೆಲ್ಲ ಆಗುವಂಥ ಒಂದು ಝೂಮ್ ಲೆನ್ಸು ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು? ಒಳ್ಳೆಯ ಲೆನ್ಸಿಗೆ ಒಂದೆರಡು ತಿಂಗಳ ಸಂಬಳವೇ ಹೋದೀತು. ಕಂತಿನ ಮೇಲೆ ತಂದು ಆಮೇಲೆ ಬೀರುವಿನಲ್ಲಿ ಇಡುವ ಹಾಗಾಗಬಾರದು.

ಅಂಗಡಿಯಲ್ಲಿ ನಾವು ಮೊದಲು ಕೇಳುವ ಮಾತು, "ಎಷ್ಟು ದೂರದ್ದನ್ನು ಹತ್ತಿರಕ್ಕೆ ತರುತ್ತದೆ?" ಎಂದು. ನಾನು ಹೇಳುವುದು ಇಷ್ಟೆ: ಅದನ್ನು ಎರಡನೆಯದಾಗಿ ಕೇಳಿ. ಮೊದಲು, "ಎಷ್ಟು ಅಗಲಕ್ಕೆ ನೋಡುತ್ತದೆ?" ಎಂದು ಕೇಳಿ.

ಲೆನ್ಸಿನ ಮೇಲೆ 18–55, 24–105, 18–200 ಎಂದು ಎರಡೆರಡು ಸಂಖ್ಯೆ ಬರೆದಿರುತ್ತದೆ. ಇವು ಮಿಲಿಮೀಟರಿನ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ. 1959ರಲ್ಲಿ ಸ್ಥಿರಚಿತ್ರದ ಕ್ಯಾಮೆರಾಗೆಂದು ಬಂದ ಝೂಮಾರ್ ಎಂಬ ಲೆನ್ಸು 36ರಿಂದ 82ರವರೆಗೆ ಹೋಗುತ್ತಿತ್ತು. 1992ರಲ್ಲಿ ಟ್ಯಾಮ್ರಾನ್ 28ರಿಂದ 200ರವರೆಗಿನ ಲೆನ್ಸನ್ನು ತಂದಿತು. ದೊಡ್ಡ ಸಂಖ್ಯೆಯ ಆಸೆ ಅಲ್ಲಿಂದ ಬೆಳೆಯುತ್ತಲೇ ಬಂದಿದೆ.

ಈಗ ಹೊಸೂರಿನ ಚಂದ್ರಚೂಡೇಶ್ವರನ ತೇರನ್ನು ನೆನಪಿಸಿಕೊಳ್ಳಿ. ಬೆಟ್ಟದ ಕೆಳಗೆ ತೇರುಪೇಟೆಯಲ್ಲಿ ಜನ ಕಿಕ್ಕಿರಿದಿದ್ದಾರೆ. ನಿಮಗೂ ತೇರಿಗೂ ನಡುವೆ ಇಪ್ಪತ್ತು ಅಡಿ. ಬೆನ್ನ ಹಿಂದೆ ಗೋಡೆ. ದೊಡ್ಡ ಸೆನ್ಸರಿನ, ಅಂದರೆ ಫುಲ್ ಫ್ರೇಮ್ ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ 35 ಮಿ.ಮೀ.ನಲ್ಲಿ ಸುಮಾರು 20 ಅಡಿ ಎತ್ತರ ಹಿಡಿಯುತ್ತದೆ. 28ರಲ್ಲಿ ಸುಮಾರು 26 ಅಡಿ, 24ರಲ್ಲಿ 30 ಅಡಿ. ತುದಿಯ ನಾಲ್ಕು ಮಿಲಿಮೀಟರ್ ಕಡಿಮೆಯಾದರೆ ನಾಲ್ಕು ಅಡಿ ತೇರು ಹೆಚ್ಚು ಸಿಗುತ್ತದೆ. ಕಳಶ ಉಳಿಯುವುದೋ ಕತ್ತರಿಸಿಹೋಗುವುದೋ ಅಲ್ಲೇ ತೀರ್ಮಾನ. ದೂರದ್ದು ಬೇಕಾದರೆ ನಾಲ್ಕು ಹೆಜ್ಜೆ ಮುಂದೆ ಹೋಗಬಹುದು. ಗೋಡೆಯನ್ನು ಹಿಂದಕ್ಕೆ ತಳ್ಳುವ ಹಾಗಿಲ್ಲ.

ಇಲ್ಲೊಂದು ಎಚ್ಚರಿಕೆ. ನಮ್ಮಲ್ಲಿ ಬಹಳ ಮಂದಿಯ ಕ್ಯಾಮೆರಾದಲ್ಲಿ ಸೆನ್ಸರು ಚಿಕ್ಕದು. ಅದರಲ್ಲಿ ಲೆನ್ಸಿನ ಸಂಖ್ಯೆಯನ್ನು ಒಂದೂವರೆಯಿಂದ ಗುಣಿಸಿಕೊಳ್ಳಬೇಕು, ಕ್ಯಾನನ್‌ನಲ್ಲಾದರೆ 1.6ರಿಂದ. ಫುಲ್ ಫ್ರೇಮಿಗೆ ಮಾಡಿದ 24–105ನ್ನು ಇದಕ್ಕೆ ಹಾಕಿದರೆ ಅದು 36ರಿಂದ ಶುರುವಾದಂತೆ, ಅಗಲವೇ ಹೋಯಿತು. ಚಿಕ್ಕ ಸೆನ್ಸರಿಗೆ 16 ಅಥವಾ 18ರಿಂದ ಶುರುವಾಗುವ ಲೆನ್ಸನ್ನೇ ನೋಡಿ.

ಎರಡನೆಯ ಮಾತು ಬೆಳಕಿನದು. ಲೆನ್ಸಿನ ಮೇಲೆ ಎಫ್ 2.8, ಎಫ್ 4, ಎಫ್ 5.6 ಎಂದಿರುತ್ತದೆ. ಇದು ಬಾಗಿಲು ಎಷ್ಟು ತೆರೆಯುತ್ತದೆ ಎಂಬುದರ ಲೆಕ್ಕ. 2.8ರ ಬಾಗಿಲಲ್ಲಿ ಬರುವ ಬೆಳಕಿನ ಅರ್ಧ ಮಾತ್ರ 4ರಲ್ಲಿ ಬರುತ್ತದೆ, 5.6ರಲ್ಲಿ ಕಾಲು ಭಾಗ. 18ರಿಂದ 200ರವರೆಗೆ ಎಳೆಯುವ ಲೆನ್ಸುಗಳು ದೂರದ ತುದಿಯಲ್ಲಿ 5.6 ಅಥವಾ 6.3ಕ್ಕೆ ಇಳಿಯುತ್ತವೆ. ಹಗಲಲ್ಲಿ ಚಿಂತೆಯಿಲ್ಲ. ದೀಪದ ಬೆಳಕಿನಲ್ಲಿ ಹೊರಟ ಉತ್ಸವಕ್ಕೆ ಅದು ಸಾಲದು. ಕೈನಡುಕ ತಡೆಯುವ ವ್ಯವಸ್ಥೆ ಇದೆಯಲ್ಲ ಎನ್ನುವಿರಿ. ಅದು ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ಕುಣಿಯುವವರ ಕಾಲನ್ನು ನಿಲ್ಲಿಸುವುದಿಲ್ಲ.

ಹಾಗಾದರೆ ದೂರದ ತುದಿ ಬೇಡವೇ? ಬೇಕು, ಮಿತಿಯಲ್ಲಿ. ಕೆಲವರಪಲ್ಲಿ ಕೆರೆಯಂಚಿನಲ್ಲಿ ನೂರು ಅಡಿ ಆಚೆ ಎರಡಡಿಯ ಕೊಕ್ಕರೆ ನಿಂತಿದೆ ಎನ್ನಿ. ಚಿಕ್ಕ ಸೆನ್ಸರಿನಲ್ಲಿ 200 ಮಿ.ಮೀ. ಇಟ್ಟರೂ ಚಿತ್ರದ ಅಗಲ ಸುಮಾರು 12 ಅಡಿ. ಹಕ್ಕಿ ಅದರ ಆರರಲ್ಲೊಂದು ಪಾಲು. ಹಕ್ಕಿಯೇ ಗುರಿಯಾದರೆ ಅದಕ್ಕೆ ಬೇರೆ ಲೆನ್ಸು ಬೇಕು. ತಿರುಗಾಟದ ಝೂಮಿನಿಂದ ಆ ಕೆಲಸ ಮಾಡಿಸಲು ಹೋಗಿ ಎರಡನ್ನೂ ಕಳೆದುಕೊಳ್ಳಬೇಡಿ. ರಾಗಿ ಹೊಲಕ್ಕೆ ಇಳಿದ ಆನೆಯ ವಿಷಯದಲ್ಲಂತೂ ಯಾವ ಲೆನ್ಸಿದ್ದರೂ ಹತ್ತಿರ ಹೋಗಬೇಡಿ. ಚಿತ್ರ ಚಿಕ್ಕದಾದರೆ ಆಗಲಿ.

ನಡುವಿನ ಸಂಖ್ಯೆಗಳ ಬೆಲೆ ಗೊತ್ತಾಗುವುದು ವೀರಗಲ್ಲಿನ ಮುಂದೆ. ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯ ಹೊಲಬದಿಗಳಲ್ಲಿ, ಗುಡಿಯ ಅಂಗಳಗಳಲ್ಲಿ ಇವು ನಿಂತಿವೆ. ತಮಿಳಿನಲ್ಲಿ ನಡುಗಲ್ ಎನ್ನುವುದೂ ಇದನ್ನೇ. ಮಳೆಗೆ, ಎಣ್ಣೆಗೆ, ಬಣ್ಣಕ್ಕೆ ಅಕ್ಷರ ಸವೆಯುತ್ತಿದೆ. ರಸ್ತೆ ಅಗಲವಾದಾಗ ಕಲ್ಲೇ ಕಾಣೆಯಾಗುವುದುಂಟು. ಅಗಲದ ತುದಿಯಲ್ಲಿ ತೀರ ಹತ್ತಿರದಿಂದ ತೆಗೆದರೆ ಕಲ್ಲು ಸೊಟ್ಟಗಾಗುತ್ತದೆ. ಫುಲ್ ಫ್ರೇಮಿನಲ್ಲಿ 50ರಿಂದ 70, ಚಿಕ್ಕ ಸೆನ್ಸರಿನಲ್ಲಿ 35ರಿಂದ 50 ಇಟ್ಟು, ಎದುರಿಗೆ ನೆಟ್ಟಗೆ ನಿಂತು, ಬೆಳಗಿನ ಓರೆ ಬಿಸಿಲು ಪಕ್ಕದಿಂದ ಬೀಳುವಾಗ ತೆಗೆಯಿರಿ. ಮಧ್ಯಾಹ್ನ ಕಾಣದ ಅಕ್ಷರ ಆಗ ಎದ್ದು ಬರುತ್ತದೆ. ಕಲ್ಲಿಗೆ ಸುಣ್ಣ, ಪುಡಿ ಬಳಿಯಬೇಡಿ. ಒಂದು ಚಿತ್ರ ಸರಿಯಾಗಿ ಬಂದರೆ, ಕಲ್ಲು ಹೋದ ಮೇಲೂ ಊರಿನ ಒಂದು ಮಾತು ಓದುವವರಿಗೆ ಉಳಿಯುತ್ತದೆ.

ಒಂದೇ ಲೆನ್ಸಿನ ಅನುಕೂಲ ಹೊಗೆನಕಲ್ಲಿನಲ್ಲಿ ತಿಳಿಯುತ್ತದೆ. ಹೆಸರೇ ಹೇಳುವಂತೆ ನೀರು ಹೊಗೆಯಾಗಿ ಏಳುವ ಜಾಗ. ಹರಿಗೋಲಿನಲ್ಲಿ ಕೂತು ಲೆನ್ಸು ಬಿಚ್ಚಿ ಬದಲಿಸಲಾಗದು. ತೂಕವನ್ನೂ ನೋಡಿ: ಚಿಕ್ಕ ಸೆನ್ಸರಿನ 18–55 ಸುಮಾರು 200 ಗ್ರಾಂ, ಫುಲ್ ಫ್ರೇಮಿನ 24–105, ಎಫ್ 4 ಬಗೆಯವು ಅದರ ಮೂರು ಪಟ್ಟಿಗೂ ಮಿಗಿಲು. ರಾಯಕೋಟೆ ಹತ್ತುವಾಗ ಆ ವ್ಯತ್ಯಾಸ ಕತ್ತಿಗೆ ತಿಳಿಯುತ್ತದೆ.

"ಅಗಲದ್ದು ಮೊಬೈಲಿನಲ್ಲೇ ಇದೆಯಲ್ಲ" ಎಂದು ಕೇಳುವವರ ಮಾತಿನಲ್ಲೂ ನ್ಯಾಯವಿದೆ. ಹಗಲಿನ ಚಿತ್ರಕ್ಕೆ ನಿಮ್ಮ ಫೋನೇ ಸಾಕೆನಿಸಿದ್ದರೆ, 18–135ರಂಥ ಉದ್ದದ ಝೂಮ್ ಕೊಂಡರೆ ತಪ್ಪಿಲ್ಲ. ರಾತ್ರಿಯ ಉತ್ಸವವೂ ಬೇಕೆನ್ನುವವರು ಉದ್ದವನ್ನು ಬಿಟ್ಟು ಬೆಳಕನ್ನು ಹಿಡಿಯಿರಿ. 17–50, ಎಫ್ 2.8ರ ಬಗೆಯದನ್ನು ನೋಡಿ.

ಕೊಳ್ಳುವ ಮುಂಚೆ ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ನಿಮ್ಮ ಹಳೆಯ ಚಿತ್ರಗಳಲ್ಲಿ ನಿಮಗೆ ಮೆಚ್ಚಿಗೆಯಾದ ನೂರನ್ನು ಆರಿಸಿ. ಪ್ರತಿಯೊಂದರ ವಿವರದಲ್ಲಿ ಎಷ್ಟು ಮಿಲಿಮೀಟರಿನಲ್ಲಿ ತೆಗೆದದ್ದೆಂದು ಕ್ಯಾಮೆರಾ ಬರೆದಿಟ್ಟಿರುತ್ತದೆ. ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ. ಗೀಟು 18ರಲ್ಲಿ ಗುಂಪುಗೂಡಿದರೆ ನಿಮಗೆ ಬೇಕಾದದ್ದು ಅಗಲ. 55ರಲ್ಲಿ ಗುಂಪುಗೂಡಿದರೆ ಉದ್ದ. ಅಂಗಡಿಯವನ ಮಾತಿಗಿಂತ ಆ ಹಾಳೆಯ ಮಾತನ್ನು ನಂಬಿ.

ಹಳೆಯ ಲೆನ್ಸು ಕೊಳ್ಳುವವರು ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಗಾಜಿನೊಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಎಷ್ಟು ಅಗ್ಗವಾದರೂ ಬೇಡ. ಝೂಮ್ ಉಂಗುರ ಎಲ್ಲೂ ಹಿಡಿಯದೆ ತಿರುಗಬೇಕು. ಕೆಳಮುಖ ಹಿಡಿದಾಗ ಲೆನ್ಸು ತಾನಾಗಿ ಜಾರಿದರೆ ಬೆಲೆ ಇಳಿಸಿ ಕೇಳಿ.

ಇಷ್ಟು ನೋಡಿ ತಂದ ಮೇಲೆ ಅದನ್ನು ಬೀರುವಿನಲ್ಲಿ ಇಡಬೇಡಿ. ಮೊದಲ ರಜೆಗೆ ದೂರ ಹೋಗಲೂ ಬೇಡ. ನಿಮ್ಮ ಊರ ಗುಡಿಯ ಹಿಂದಿನ ಕಲ್ಲಿನಿಂದ ಶುರುಮಾಡಿ.