ಕೊನೆಯ ಬೇಲಿಯ ಆಚೆ

ಇವತ್ತು ಒಂದು ಕುದುರೆಯ ಕತೆ ಹೇಳ್ತೀನಿ. ಇನ್ನೇನು ಗೆದ್ದೇಬಿಟ್ಟಿತು ಅಂತ ಎಲ್ಲರೂ ಅಂದುಕೊಂಡಾಗ ಸೋತ ಕುದುರೆ ಅದು.

ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಪ್ರತಿ ಮಾರ್ಚ್‌ನಲ್ಲೂ ಟ್ರಯಂಫ್ ಹರ್ಡಲ್ ಅನ್ನೋ ಓಟ ನಡೆಯುತ್ತೆ. ಎರಡು ಮೈಲಿಗಿಂತ ಸ್ವಲ್ಪ ಹೆಚ್ಚು ದೂರ. ದಾರಿಯುದ್ದಕ್ಕೂ ಹಾರಬೇಕಾದ ಬೇಲಿಗಳು. ನಾಲ್ಕು ವರ್ಷದ ಕುದುರೆಗಳಿಗೆ ಮಾತ್ರ ಅವಕಾಶ. ಅಲ್ಲಿ ರೇಸ್ ಕುದುರೆಗಳಿಗೆಲ್ಲ ಜನವರಿ 1ಕ್ಕೇ ವಯಸ್ಸು ಒಂದು ಏರುತ್ತೆ. ನಮ್ಮ ಎಷ್ಟೋ ತಾತಂದಿರ ಶಾಲೆ ದಾಖಲೆಯಲ್ಲಿ ಜೂನ್ 1 ಹುಟ್ಟಿದ ದಿನ ಅಂತ ಇರುತ್ತಲ್ಲ, ಹಾಗೆ! ಬೇಲಿ ಹಾರೋ ಕುದುರೆಗಳು ಹತ್ತು ವರ್ಷ ದಾಟಿದ ಮೇಲೂ ಓಡೋದುಂಟು. ಅವುಗಳ ನಡುವೆ ನಾಲ್ಕು ವರ್ಷದ್ದು ಇನ್ನೂ ಹುಡುಗು.

2020ರಲ್ಲಿ ಗೋಶೆನ್ ಅನ್ನೋ ಕುದುರೆ ಈ ಓಟಕ್ಕೆ ಬಂತು. ಅದನ್ನು ಪಳಗಿಸಿದವರು ಗ್ಯಾರಿ ಮೂರ್, ಸವಾರ ಅವರ ಮಗ ಜೇಮಿ. ಕೊನೆಯ ಬೇಲಿ ಹತ್ತಿರ ಬಂದಾಗ ಉಳಿದ ಕುದುರೆಗಳೆಲ್ಲ ತುಂಬಾ ಹಿಂದಿದ್ದವು. ಗೋಶೆನ್ ಹಾರಿತು, ನೆಲಕ್ಕಿಳಿಯುವಾಗ ಮುಗ್ಗರಿಸಿತು, ಜೇಮಿ ಕೆಳಗೆ ಬಿದ್ದರು. ಮುಂಗಾಲಿನ ಲಾಳಕ್ಕೆ ಹಿಂಗಾಲಿನ ಲಾಳ ಸಿಕ್ಕಿಕೊಂಡಿತ್ತು. ಹಿಂದಿನಿಂದ ಬಂದ ಬರ್ನಿಂಗ್ ವಿಕ್ಟರಿ ಅನ್ನೋ ಹೆಣ್ಣು ಕುದುರೆ ಗೆದ್ದಿತು. ಅವಳ ಗೆಲುವನ್ನು ಬರೀ ಅದೃಷ್ಟ ಅನ್ನಬೇಡಿ. ಅದೇ ಬೇಲಿಯನ್ನು ಹಾರಿ, ಸವಾರನನ್ನು ಹೊತ್ತು, ಗೆರೆ ದಾಟಿದವಳು ಅವಳು.

ಇದರಲ್ಲಿ ತಪ್ಪು ಯಾರದ್ದು? ಯಾರದ್ದೂ ಅಲ್ಲ. ನಮಗೆ ಒಪ್ಪಿಕೊಳ್ಳೋಕೆ ಕಷ್ಟವಾಗೋದು ಅದೇ. ಒಂದು ಪರೀಕ್ಷೆ, ಒಂದು ಇಂಟರ್ವ್ಯೂ ಕೈತಪ್ಪಿದರೆ ಮನೆಯಲ್ಲಿ ಕಾರಣ ಹುಡುಕ್ತಾರೆ. ನಾವೂ ರಾತ್ರಿಯೆಲ್ಲ ಹುಡುಕ್ತೀವಿ. ಕೆಲವು ಸಲ ಉತ್ತರ ಒಂದು ಲಾಳದಷ್ಟೇ ಚಿಕ್ಕದು.

ಮುಂದಿನ ವರ್ಷ, 2021ರ ಫೆಬ್ರವರಿಯಲ್ಲಿ, ಜೇಮಿ ಅದೇ ಗೋಶೆನ್ ಏರಿ ವಿಂಕ್ಯಾಂಟನ್‌ನಲ್ಲಿ ಕಿಂಗ್‌ವೆಲ್ ಹರ್ಡಲ್ ಓಡಿದರು. ಭಾರೀ ಅಂತರದಿಂದ ಗೆದ್ದರು. ಆದರೆ ಮಾರ್ಚ್‌ನಲ್ಲಿ ಚೆಲ್ಟನ್‌ಹ್ಯಾಮ್‌ಗೆ ಮರಳಿ ಚಾಂಪಿಯನ್ ಹರ್ಡಲ್ ಓಡಿದಾಗ ಗೆಲ್ಲಲಿಲ್ಲ. ಸಿನಿಮಾ ಆಗಿದ್ದರೆ ಗೆಲ್ಲಿಸಿಬಿಡ್ತಿದ್ದರು.

ಟ್ರಯಂಫ್ ಹರ್ಡಲ್ ಒಂದು ಕುದುರೆಗೆ ಜೀವನದಲ್ಲಿ ಒಂದೇ ಸಲ ಸಿಗೋದು. ಐದು ವರ್ಷ ತುಂಬಿದರೆ ಮುಗೀತು. ಗೋಶೆನ್‌ಗೆ ಅದು ಮತ್ತೆ ಸಿಗಲಿಲ್ಲ, ಬೇರೆ ಓಟಗಳು ಸಿಕ್ಕವು. ಜೇಮಿ ಮತ್ತೆ ಅದರ ಬೆನ್ನೇರಿದ್ದೇ ನನಗೆ ಈ ಕತೆಯಲ್ಲಿ ಇಷ್ಟ.